ಬಾದಾಮಿ ಮರದ ತರಗೆಲೆ

ಬದನೆ ಗಿಡ ಕಿತ್ತ ಮೇಲೆ ಹಿತ್ತಲು ಬರಿದಾಗಿತ್ತು. ಚಳಿಗಾಲದಲ್ಲಿ ಕಳೆ ಏಳದಿರಲೆಂದು ನಾಗವೇಣಿ ದಿನಾ ಸಂಜೆ ಬೀದಿಯ ಬಾದಾಮಿ ಮರದ ತರಗೆಲೆ ಹೊತ್ತು ತಂದು ಹಾಸುತ್ತಿದ್ದಳು. ಮೂವತ್ತು ವರ್ಷ ಶಾಲೆಯ ಅಂಗಳ ಗುಡಿಸಿ ನಿವೃತ್ತಳಾಗಿದ್ದ ಅತ್ತೆ ಬೆಳಗ್ಗೆ ಎದ್ದವಳೇ ಅಷ್ಟನ್ನೂ ಗುಡಿಸಿ ಹಾಕುತ್ತಿದ್ದಳು.

"ಬೇಕಂತಲೇ ಮಾಡ್ತಾರೆ ನಿಮ್ಮತ್ತೆ," ಎಂದಳು ಪಕ್ಕದ ಮನೆಯವಳು.

"ಬೇಕಂತ ಅಲ್ಲ ಕಣೇ. ಅವರಿಗೆ ಮಗನ ಹೆಸರೇ ಮರೆತುಹೋಗಿದೆ. ಪೊರಕೆ ಮಾತ್ರ ಮರೆತಿಲ್ಲ."

ಮರುದಿನ ಪಕ್ಕದ ಮನೆಯವಳು ಕಪ್ಪು ಪ್ಲಾಸ್ಟಿಕ್ ಹಾಳೆಯ ಸುರುಳಿಯನ್ನೇ ತಂದಳು. "ಇದನ್ನ ಹಾಸಿ ನಾಲ್ಕು ಕಲ್ಲು ಹೇರು. ಕಳೆನೂ ಬರಲ್ಲ, ನಿನ್ನ ಸೊಂಟನೂ ಉಳಿಯುತ್ತೆ."

ನಾಗವೇಣಿ ಸೊಂಟ ಹಿಡಿದುಕೊಂಡೇ ಎದ್ದು, ಸುರುಳಿಯನ್ನು ಅವಳ ಕೈಗೇ ವಾಪಸ್ ಇಟ್ಟಳು.

"ಹಾಳೆ ಹಾಸಿಬಿಟ್ರೆ, ಬೆಳಗ್ಗೆ ಎದ್ದು ಅತ್ತೆ ಏನು ಗುಡಿಸ್ತಾರೆ?"