ಶನಿವಾರದ ಹಬೆಸ್ನಾನ

ಸೆರೆಸಿಕ್ಕ ಶತ್ರು ಸೈನಿಕನನ್ನು ಗುಂಡಿಕ್ಕಿ ಕೊಲ್ಲಿಸಲೆಂದೇ ಕ್ಯಾಪ್ಟನ್ ಮುಂಚೂಣಿಯ ಕಂದಕಕ್ಕೆ ಬಂದಿದ್ದರು. ಆ ಹಿಮದ ನಾಡಿನಲ್ಲಿ ಯುದ್ಧವಿದ್ದರೂ ಶನಿವಾರದ ಹಬೆಸ್ನಾನವನ್ನು ಯಾರೂ ತಪ್ಪಿಸುವುದಿಲ್ಲ. ಸೈನಿಕರು ಆಗಲೇ ಸ್ನಾನದ ಗುಡಿಸಲಲ್ಲಿ ಹಬೆಗಾಗಿ ಕಲ್ಲು ಕಾಯಿಸಿದ್ದರು.

"ಮೊದಲು ಸ್ನಾನ ಮಾಡಿ ಸರ್," ಎಂದ ಹವಾಲ್ದಾರ ಟೊಯಿವೊ. "ಕೊಲ್ಲೋ ಕೆಲಸ ಎಲ್ಲಿಗೂ ಓಡಿಹೋಗಲ್ಲ."

ಬಟ್ಟೆ ಕಳಚಿದ ಏಳೆಂಟು ಮಂದಿ ದಟ್ಟ ಹಬೆಯಲ್ಲಿ ಒತ್ತೊತ್ತಾಗಿ ಕುಳಿತರು. ಯಾರೋ ಕ್ಯಾಪ್ಟನ್ನರ ಬೆನ್ನಿಗೆ ಬಿಸಿನೀರು ಹೊಯ್ದು, ಹಳೆಯ ಗಾಯಕ್ಕೆ ನೋವಾಗದಂತೆ ಮೆಲ್ಲಗೆ ಉಜ್ಜತೊಡಗಿದರು.

ಕ್ಯಾಪ್ಟನ್ ಹಿತವಾಗಿ ಕಣ್ಣು ಮುಚ್ಚಿದರು. "ಟೊಯಿವೊ, ಕೈದಿಯನ್ನ ಒಪ್ಪಿಸು. ಇಲ್ಲಾಂದ್ರೆ ಅವನ ಪಕ್ಕ ನಿನ್ನನ್ನೂ ನಿಲ್ಲಿಸ್ತೀನಿ."

"ನಿಲ್ಲಿಸಿ ಸರ್. ನಾನಂತೂ ಒಪ್ಪಿಸಲ್ಲ."

"ಎಲ್ಲಿ ಬಚ್ಚಿಟ್ಟಿದೀಯ ಅವನನ್ನ?"

"ಬಚ್ಚಿಟ್ಟಿಲ್ಲ ಸರ್. ನಿಮ್ಮ ಬೆನ್ನು ಉಜ್ತಾ ಇದಾನೆ. ಸಾಕು ಅನ್ನಲಾ?"