ಕತ್ತಲಕೋಣೆಗೆ ಬಂದ ಬೆಳಕು

"ನಿನ್ನೆಯೂ ಬಾಗಿಲು ತೆಗೆದಿದ್ದು ನೀನೇ ತಾನೇ?" ಕತ್ತಲಕೋಣೆಯೊಳಗೇ ಅಕ್ಕ ಗುಬ್ಬಿಯನ್ನು ತರಾಟೆಗೆ ತೆಗೆದುಕೊಂಡಳು. ಪ್ರಯೋಗಾಲಯದ ಹಿರಿಯ ಸಂಶೋಧಕಿ ಎಲ್ಲರಿಗೂ ಅಕ್ಕ. ಹೊಸದಾಗಿ ಸೇರಿದ ಸಣ್ಣ ದನಿಯವಳು ಗುಬ್ಬಿ.

ಮೀನಿನ ಕಣ್ಣಲ್ಲಿ ಬೆಳಕು ಹಿಡಿಯುವ ಕೋಶಗಳಿವೆ. ಅವುಗಳಲ್ಲಿನ ಒಂದು ಪ್ರೋಟೀನ್ ಕತ್ತಲಿರುವಷ್ಟು ಹೊತ್ತು ಕೋಶದ ಒಳಮನೆಯಲ್ಲಿ ತೆಪ್ಪಗಿರುತ್ತದೆ. ಬೆಳಕು ಸೋಕಿತೋ, ಎದ್ದು ಹೊರಜಗಲಿಗೆ ಹೊರಟುಬಿಡುತ್ತದೆ. ಈಚೆಗೆ, ಅಕ್ಕ ಕತ್ತಲಲ್ಲೇ ಮೀನಿನಿಂದ ಬಿಡಿಸಿ ತೆಗೆದ ಕಣ್ಣುಗಳಲ್ಲೂ ಅದು ಜಗಲಿಯಲ್ಲೇ ಸಿಗುತ್ತಿತ್ತು. ವರ್ಷದ ಕೆಲಸ ನೀರುಪಾಲಾಗುವುದರಲ್ಲಿತ್ತು.

"ನಿಮ್ಮಾಣೆ ನಾನಲ್ಲ ಅಕ್ಕಾ. ನೀವು ಬಾ ಅನ್ನೋವರೆಗೂ ಹೊರಗೇ ನಿಂತಿರ್ತೀನಿ."

"ಮತ್ತೆ ಸೂರ್ಯನೇ ಬಂದು ಬಾಗಿಲು ತೆಗೆದ್ನಾ? ಲ್ಯಾಬ್ ನಡೆಸೋ ಮೇಡಂಗೆ ಹೇಳ್ತೀನಿ. ನೀನು ಬೇರೆ ಕೆಲಸ ನೋಡ್ಕೋ, ನಡಿ ಆಚೆ!"

ಕಣ್ಣು ಬಿಡಿಸುವಾಗ ಅಕ್ಕನ ಮುಖ ಕತ್ತಲಲ್ಲೂ ಮೀನನ್ನು ತೋರಿಸುವ ಸೂಕ್ಷ್ಮದರ್ಶಕಕ್ಕೆ ಅಂಟಿಕೊಂಡಿರುತ್ತಿತ್ತು; ತನ್ನ ಕೈಯತ್ತ ಅವಳು ನೋಡಿದವಳೇ ಅಲ್ಲ. ಈಗ ಬಾಗಿಲು ತೋರಿಸಲು ಆ ಕೈ ಎತ್ತಿದಳು. ಕೈ ತಿರುಗಿದ್ದೇ ತಡ, ಮಣಿಕಟ್ಟಿನ ಹೊಸ ಗಡಿಯಾರ ಫಳ್ಳನೆ ಬೆಳಗಿತು. ಗುಬ್ಬಿಯ ಒದ್ದೆ ಕೆನ್ನೆ ಕಂಡಿತು.

ಗಡಿಯಾರ ತಾನಾಗಿಯೇ ಆರಿತು. ಅಕ್ಕ ಅದನ್ನು ಬಿಚ್ಚಿ, ತಡಕಾಡಿ ಗುಬ್ಬಿಯ ಅಂಗೈಗಿಟ್ಟಳು.

"ಇದನ್ನ ಆಚೆ ಇಟ್ಟು ಬಾ. ಇವತ್ತಿನ ಕಣ್ಣು ನೀನೇ ಬಿಡಿಸುವೆಯಂತೆ."