ಉಸಿರಿಲ್ಲದ ಸಾಲುಗಳು

“ಇದನ್ನ ಓದಿದ್ದು ಯಾವಾಗ?”

ಅತ್ತೆ ಕೇಳಿದ್ದು ಯಾರನ್ನೂ ಅಲ್ಲ. ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು, ಟಿ.ವಿ.ಗೆ ಕಿವಿ ಕೊಟ್ಟು ಕೂತಿದ್ದರು. ಪರದೆಯ ಮೇಲೆ ನಕ್ಷತ್ರವೊಂದು ಹುಟ್ಟುತ್ತಿತ್ತು. ಅದರ ಹಿಂದೆ ಮಗನ ಧ್ವನಿ ತುಂಬಿದ ಕೊಡದ ಹಾಗೆ ತುಳುಕದೆ ಸಾಗುತ್ತಿತ್ತು.

“ನಾಲ್ಕು ವರ್ಷ ಆಯ್ತು ಅತ್ತೆ. ಹಳೇದು, ಮತ್ತೆ ಹಾಕ್ತಿದ್ದಾರೆ,” ಎಂದಳು ಸೊಸೆ.

ಆ ಸಂಜೆ ಮೂರು ಕಾರ್ಯಕ್ರಮಗಳಿದ್ದವು. ಮೊದಲು ವಿಜ್ಞಾನ, ಆಮೇಲೆ ಇತಿಹಾಸ, ಕೊನೆಗೆ ಪ್ರವಾಸ. ಮೂರಕ್ಕೂ ಧ್ವನಿ ಒಬ್ಬನದೇ. ಆ ಧ್ವನಿಯ ಒಡೆಯ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಬಿಸಿನೀರು ಗುಟುಕರಿಸುತ್ತಿದ್ದ. ಅಮ್ಮನಿಗೆ ಅವನು ಹೇಳಿದ್ದು ಶೀತ ಎಂದು. ವೈದ್ಯರು ಅವನಿಗೆ ಹೇಳಿದ್ದು, ಗಂಟಲಲ್ಲಿ ಗಂಟು ಬೆಳೆದಿದೆ, ತಡಮಾಡಿದರೆ ಜೀವಕ್ಕೇ ಸಂಚಕಾರ ಎಂದು. ಅದನ್ನು ತೆಗೆದ ಮೇಲೆ ಧ್ವನಿ ಉಳಿಯುತ್ತದೆಂಬ ಭರವಸೆಯನ್ನು ಅವರು ಕೊಟ್ಟಿರಲಿಲ್ಲ. ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ಅವನೇ ಮುಂದೆ ಹಾಕಿದ್ದ. ಮೂರನೆಯದು ನಾಳೆ ಬೆಳಗ್ಗೆ ಎಂಟಕ್ಕೆ. “ಅಮ್ಮನಿಗೆ ಗೊತ್ತಾಗಬಾರದು. ನನ್ನ ಧ್ವನಿ ಬಿಟ್ರೆ ಅವಳಿಗೆ ಇನ್ನೇನಿದೆ?” ಎಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ. ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಬೀಗದ ಕೈ ಮಾತ್ರ ಅತ್ತೆಯ ಕಿವಿಯಲ್ಲಿದೆ ಎಂಬುದೇ ಅವಳ ಭಯ.

ಅದೇನು ಸಾಮಾನ್ಯ ಕಿವಿಯಲ್ಲ. ಚಿಕ್ಕಂದಿನಲ್ಲಿ ಮಗನಿಗೆ ಪದ್ಯ ಓದಿಸಿ ಉಸಿರು ಕಲಿಸಿದ್ದು ಅವರೇ. ಅರ್ಥ ನಿಂತಲ್ಲಿ ಉಸಿರು ತಗೋ, ಉಸಿರಿಗೋಸ್ಕರ ಅರ್ಥ ನಿಲ್ಲಿಸಬೇಡ ಎಂದು. ಇವತ್ತಿಗೂ ಅವನು ಓದುವ ಹಾಳೆಗಳಲ್ಲಿ ಉಸಿರಿನ ಜಾಗಕ್ಕೆಲ್ಲ ಪೆನ್ಸಿಲ್ ಗೀಟು ಇರುತ್ತದೆ. “ಚಿತ್ರ ನೀವು ನೋಡ್ಕೊಳ್ಳಿ, ಮಾತು ನನಗೆ ಬಿಡಿ,” ಎನ್ನುವ ಅತ್ತೆ, ಕೊನೆಯ ಹೆಸರು ಹಾದುಹೋಗುವ ತನಕ ಯಾರನ್ನೂ ಏಳಗೊಡುತ್ತಿರಲಿಲ್ಲ. ಅರ್ಧಕ್ಕೆ ಎದ್ದು ಹೋದವರ ಮಾತಿಗೆ ದೇವರೂ ಅರ್ಧವೇ ಕಿವಿ ಕೊಡ್ತಾನಂತೆ.

ಇತಿಹಾಸ ಶುರುವಾಯಿತು. ಮಣ್ಣಿನಡಿ ಹೂತುಹೋದ ಒಂದು ನಗರ. ಓದಿದ್ದು ಆರು ತಿಂಗಳ ಹಿಂದೆ. ಅತ್ತೆಯ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಸರಿಯತೊಡಗಿತು. ಏನೋ ಜಪ ಇರಬೇಕು ಅಂದುಕೊಂಡಳು ಸೊಸೆ. ಆಮೇಲೆ ನೋಡಿದಳು: ಟಿ.ವಿ.ಯಲ್ಲಿ ಧ್ವನಿ ಉಸಿರೆಳೆದಾಗೆಲ್ಲ ಹೆಬ್ಬೆರಳು ಒಂದು ಗೆಣ್ಣು ದಾಟುತ್ತಿತ್ತು.

“ಸಾಲಿಗೆ ಎರಡೆರಡು ಸಲ ತಗೋತಾನೆ,” ಎಂದರು ಅತ್ತೆ. “ಹೊಟ್ಟೆಗೆ ಸರಿಯಾಗಿ ಹಾಕ್ತಿದ್ದೀಯೋ ಇಲ್ವೋ?”

“ಉಪ್ಪು ಒಂದು ಹರಳು ಕಮ್ಮಿ ಆದ್ರೂ ನಿಮಗೆ ಗೊತ್ತಾಗುತ್ತೆ. ಊಟ ಕಮ್ಮಿ ಆದ್ರೆ ಗೊತ್ತಾಗಲ್ವಾ?”

ಅತ್ತೆ ನಗಲಿಲ್ಲ.

ಮೂರನೆಯದು ಹಿಮದ ಕಣಿವೆಯ ದಾರಿ. ಓದಿ ಮೂರು ವಾರವಾಗಿತ್ತಷ್ಟೆ. ಆ ದಿನ ಗಂಡ ಬೆವರಿನಲ್ಲಿ ಅಂಗಿ ತೊಯ್ಯಿಸಿಕೊಂಡು ಬಂದಿದ್ದ. ನಾಲ್ಕು ಪದಕ್ಕೊಮ್ಮೆ ನಿಂತೆ, ಎಲ್ಲ ಹಾಳಾಯ್ತು ಎಂದಿದ್ದ. ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಾದಳು. ಆದರೆ ಧ್ವನಿ ಎಣ್ಣೆ ಸುರಿದ ಹಾಗೆ ಬಂತು. ಎಲ್ಲೂ ಮುಗ್ಗರಿಸಲಿಲ್ಲ. ಧ್ವನಿಮುದ್ರಣದವನು ಒಂದೊಂದೇ ಏದುಸಿರನ್ನು ಹುಡುಕಿ, ಕತ್ತರಿಸಿ, ಮಾತಿಗೆ ಮಾತು ಅಂಟಿಸಿದ್ದ. ಅತ್ತೆಯ ಹೆಬ್ಬೆರಳು ನಿಂತಿತ್ತು. ಸದ್ಯ, ಇವತ್ತಿನ ಗಂಡಾಂತರ ಕಳೆಯಿತು ಎಂದು ಅವಳು ಸೆರಗು ಬಿಟ್ಟಳು.

ಅತ್ತೆ ಕಣ್ಣು ತೆರೆದರು. ಮಗನ ಧ್ವನಿ ನಡೆಯುತ್ತಿರುವಾಗ ಅವರು ಕಣ್ಣು ತೆರೆದದ್ದನ್ನು ಸೊಸೆ ಕಂಡಿರಲಿಲ್ಲ.

“ಉಸಿರೆಲ್ಲಿ?”

“ಏನತ್ತೆ?”

“ಐದು ಸಾಲು ಆಯ್ತು, ಒಂದು ಉಸಿರಿಲ್ಲ. ಮನುಷ್ಯರು ಹೀಗೆ ಓದಲ್ಲ. ಯಾರೋ ಕಿತ್ತು ಹಾಕಿದ್ದಾರೆ. ಕೇಳೋ ಹಾಗಿರಲಿಲ್ಲ, ಅದಕ್ಕೇ ಕಿತ್ತಿದ್ದಾರೆ.” ಮೂಲೆಯ ಕಡೆ ತಿರುಗಿದರು. “ಮಗು, ಮಫ್ಲರ್ ತೆಗಿ.”

ಅವನು ಹೆಂಡತಿಯನ್ನು ನೋಡಿದ. “ನಾನೇನೂ ಹೇಳಿಲ್ಲ,” ಎಂದಳು ಅವಳು. ಆಮೇಲೆ ಆಣೆ ಬದಿಗಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು: ಗಂಟು, ಎರಡು ಸಲ ತಪ್ಪಿದ ದಿನ, ನಾಳೆ ಬೆಳಗ್ಗೆ ಎಂಟು ಗಂಟೆ.

“ನಾಳೆ ಆಗಲ್ಲ,” ಎಂದ ಅವನು. ಒಣಗಿದ ಎಲೆ ತುಳಿದಂತಿತ್ತು ಆ ಧ್ವನಿ. ಹೆಂಡತಿ ಬೆಚ್ಚಿ ನೋಡಿದಳು. ಇದು ಅವಳಿಗೂ ಹೊಸದು. “ನಾಳೆ ಈ ಪ್ರವಾಸದ ಕೊನೇ ಕಂತು ಓದ್ತೀನಿ ಅಂತ ಒಪ್ಕೊಂಡಿದ್ದೀನಿ. ಅದೊಂದು ಮುಗಿಸಿ ಹೋಗ್ತೀನಿ ಅಮ್ಮ. ಆಮೇಲೆ ಮಾತು ಬರುತ್ತೋ ಇಲ್ವೋ. ನಿನಗೆ ಕೇಳೋದಕ್ಕೆ ಇನ್ನೊಂದಾದ್ರೂ ಉಳಿಯಲಿ. ನೀನು ಹೂಂ ಅಂದ್ರೆ ಸಾಕು, ಇವಳೂ ಸುಮ್ಮನಾಗ್ತಾಳೆ.”

ಪರದೆಯ ಮೇಲೆ ಅವನ ಇನ್ನೊಂದು ಧ್ವನಿ ದಣಿವಿಲ್ಲದೆ ಬೆಟ್ಟ ಏರುತ್ತಿತ್ತು. ಅತ್ತೆ ಸೊಸೆಯ ಮುಂದೆ ಕೈ ಚಾಚಿದರು.

“ರಿಮೋಟ್ ಕೊಡು. ಆರಿಸೋದು ಯಾವುದು?”

ಸೊಸೆ ಗುಂಡಿ ತೋರಿಸಿದಳು. ಸಾಲಿನ ನಡುವೆಯೇ ಧ್ವನಿ ಕಡಿದುಬಿತ್ತು. ಕೋಣೆ ತಣ್ಣಗಾಯಿತು. ಆಗ ಮೂಲೆಯ ಕುರ್ಚಿಯಿಂದ ಕೇಳಿಬಂತು, ಕತ್ತರಿಸದ ಉಸಿರು. ಅತ್ತೆ ಕಣ್ಣು ಮುಚ್ಚಿದರು. ಹೆಬ್ಬೆರಳು ಒಂದು ಗೆಣ್ಣು ದಾಟಿತು, ಎರಡು, ಮೂರು, ನಾಲ್ಕು.

“ಊಹೂಂ,” ಎಂದರು.